ಮೂರನೇ ವಾರಕ್ಕೇ ನಿಂಬೆ ಕೊಳೆಯುವುದೇಕೆ: ಕೊಯ್ಲಿನಿಂದ ಶೀತಲಗೃಹದ ಬಾಗಿಲಿನವರೆಗೆ ಸಮಗ್ರ ಮಾರ್ಗದರ್ಶಿ

ಪ್ರತಿ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಮೊಬೈಲ್‌ಗೆ ಒಂದೇ ಬಗೆಯ ಚಿತ್ರಗಳು ಬರುತ್ತವೆ. ತೆರೆದ ಕ್ರೇಟು, ಅದರೊಳಗೆ ಹಸಿರು ಪುಡಿ ಹಿಡಿದ ನಿಂಬೆಹಣ್ಣು, ಕೆಳಗೆ ಒಂದು ಸಾಲಿನ ಪ್ರಶ್ನೆ: ‘ಇದಕ್ಕೆ ಯಾವ ಔಷಧಿ?’ ಆ ಹೊತ್ತಿಗೆ ಯಾವ ಔಷಧಿಯೂ ಇಲ್ಲ. ಮೂರನೇ ವಾರ ಕಣ್ಣಿಗೆ ಬಿದ್ದ ಕೊಳೆ, ಹಣ್ಣು ಕಿತ್ತ ದಿನವೇ ಒಳಗೆ ಸೇರಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ಉಗ್ರಾಣದಿಂದಲ್ಲ, ಮರದ ಬುಡದಿಂದ ಶುರುವಾಗುತ್ತದೆ. ನಡುವಿನ ಹಂತಗಳನ್ನು ಹಾರಿಸಿ ನೇರವಾಗಿ ಶೀತಲಗೃಹದ ಉಷ್ಣಾಂಶ ಹುಡುಕುವವರೇ ಹೆಚ್ಚಾಗಿ ಸೋಲುತ್ತಾರೆ.

ಇಲ್ಲಿ ಮುಖ್ಯವಾಗಿ ಹೇಳುವುದು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆಯ ತೆಳುಸಿಪ್ಪೆಯ ಕಾಗ್ಜಿ ನಿಂಬೆಯ ಬಗ್ಗೆ. ಮೂಸಂಬಿ, ಕೊಡಗಿನ ಕಿತ್ತಳೆ, ದೇವನಹಳ್ಳಿಯ ಚಕ್ಕೋತಗಳಿಗೆ ಎಲ್ಲಿ ಬೇರೆ ಕ್ರಮ ಬೇಕೋ ಅಲ್ಲಲ್ಲೇ ಹೇಳಿದ್ದೇನೆ.

## ಮೊದಲು ಲೆಕ್ಕ ಸರಿಮಾಡಿಕೊಳ್ಳಿ

ಎಲ್ಲ ಹಂತಗಳನ್ನೂ ಸರಿಯಾಗಿ ಪಾಲಿಸಿದರೆ ನಿಂಬೆ ಆರರಿಂದ ಎಂಟು ವಾರ ಉಳಿಯುತ್ತದೆ. ಅದಕ್ಕಿಂತ ಹೆಚ್ಚಿಲ್ಲ. ಭಾದ್ರಪದದಲ್ಲಿ ಅಗ್ಗವಾದ ಹಣ್ಣನ್ನು ಕೂಡಿಟ್ಟು ಬೇಸಿಗೆಯ ದರಕ್ಕೆ ಮಾರುತ್ತೇನೆ ಎನ್ನುವ ಆಸೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಹಣ್ಣಿಗೆ ಅದು ತಿಳಿಯದು. ಆದರೆ ಮಾರುಕಟ್ಟೆಗೆ ಒಮ್ಮೆಲೇ ಮಾಲು ನುಗ್ಗಿದ ಎರಡು ವಾರ ತಪ್ಪಿಸಿಕೊಂಡು ಆಯುಧ ಪೂಜೆಯ ವಾರಕ್ಕೆ ಮಾರಲು ಆರು ವಾರ ಧಾರಾಳ ಸಾಕು.

ಎರಡನೆಯ ಸಂಗತಿ: ಬಾಳೆ, ಮಾವು ಕಿತ್ತ ಮೇಲೂ ಮಾಗುತ್ತವೆ. ನಿಂಬೆ ಜಾತಿಯ ಹಣ್ಣುಗಳು ಹಾಗಲ್ಲ. ಕಿತ್ತ ಗಳಿಗೆಯಲ್ಲಿ ಎಷ್ಟು ರಸ, ಎಷ್ಟು ಸಿಹಿ ಇತ್ತೋ ಅಷ್ಟೇ. ಆಮೇಲೆ ಹಳದಿಯಾಗುವುದು ಸಿಪ್ಪೆಯ ಹಸಿರು ಬಣ್ಣ ಕರಗುವುದರಿಂದ ಮಾತ್ರ. ಎಳೆಯ ಮೂಸಂಬಿ ಕಿತ್ತಿಟ್ಟು ‘ಒಳಗೆ ಸಿಹಿಯಾಗಲಿ’ ಎಂದು ಕಾದವರಿಗೆ ಸಿಗುವುದು ಹಳದಿ ಸಿಪ್ಪೆಯ ಸಪ್ಪೆ ಹಣ್ಣು.

## ಬೇಕಾದ ಸಾಮಾನು

ದುಬಾರಿಯ ವಸ್ತು ಒಂದೂ ಇಲ್ಲ. ಆದರೂ ಕೊಯ್ಲಿನ ಬೆಳಿಗ್ಗೆ ಹುಡುಕಾಡುವಂತೆ ಆಗಬಾರದು.

- ತುದಿ ಮೊಂಡಾಗಿರುವ ಚಿಕ್ಕ ಕತ್ತರಿ, ಕೀಳುವ ಪ್ರತಿಯೊಬ್ಬರಿಗೂ ಒಂದೊಂದು
- ಹತ್ತಿಯ ಕೈಗವಸು
- ಒಳಗೆ ಬಟ್ಟೆ ಹೊಲಿದ ಬುಟ್ಟಿ ಅಥವಾ ಹೆಗಲ ಚೀಲ
- ಒಳಮೈ ನುಣುಪಾಗಿರುವ, ಗಾಳಿಕಿಂಡಿ ಇರುವ ಪ್ಲಾಸ್ಟಿಕ್ ಕ್ರೇಟುಗಳು
- ಎರಡು ಥರ್ಮಾಮೀಟರ್, ಒಂದು ತೇವಾಂಶ ಮಾಪಕ
- ಕ್ರೇಟು ತೂಗಬಲ್ಲ, ಹತ್ತು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ತೂಕದ ಯಂತ್ರ
- ಅಡುಗೆ ಸೋಡಾ, ಬ್ಲೀಚ್ ದ್ರಾವಣ (ಹಣ್ಣು ತೊಳೆಯುವುದಿದ್ದರೆ ಮಾತ್ರ)

ಥರ್ಮಾಮೀಟರ್ ಎರಡೇಕೆ ಎಂದರೆ ಒಂದು ಸುಳ್ಳು ಹೇಳಿದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ಶೀತಲಗೃಹದ ಗೋಡೆಯ ಮೇಲೆ ಮಿನುಗುವ ಅಂಕಿಯನ್ನು ಮಾತ್ರ ನಂಬಬೇಡಿ. ಅದು ಸಂವೇದಕ ಇರುವ ಜಾಗದ ಗಾಳಿಯ ಉಷ್ಣಾಂಶ, ನಿಮ್ಮ ಹಣ್ಣಿನದ್ದಲ್ಲ.

## ಹಂತ 1: ಕೊಯ್ಲಿಗೆ ಮುಂಚೆ ತೋಟದಲ್ಲಿ

ತೊಟ್ಟಿನ ಕಡೆಯಿಂದ ಶುರುವಾಗುವ ಕೊಳೆಯ ಶಿಲೀಂಧ್ರ ಮರದ ಒಣ ರೆಂಬೆಗಳಲ್ಲಿ ಬದುಕಿರುತ್ತದೆ. ಮಳೆ ಬಿದ್ದಾಗ ಅದರ ಬೀಜಕಣಗಳು ನೀರಿನೊಂದಿಗೆ ಇಳಿದು ಹಣ್ಣಿನ ತೊಟ್ಟಿನ ಬಳಿ ಕುಳಿತು, ಹಣ್ಣು ಮುದಿಯಾಗುವವರೆಗೆ ಸುಮ್ಮನಿರುತ್ತವೆ. ಒಣ ರೆಂಬೆಗಳನ್ನು ಮಳೆಗಾಲಕ್ಕೆ ಮೊದಲೇ ಸವರಿ ತೋಟದಿಂದ ಹೊರಗೆ ಸಾಗಿಸುವುದೇ ಇದಕ್ಕೆ ಮದ್ದು. ಕೊಯ್ಲಿನ ಹಿಂದಿನ ದಿನ ಸವರಿದರೆ ಮರ ಚೆಂದ ಕಾಣಬಹುದು, ಹಣ್ಣಿಗೆ ಉಪಯೋಗವಿಲ್ಲ.

ಬುಡದಲ್ಲಿ ಬಿದ್ದು ಕೊಳೆಯುತ್ತಿರುವ ಹಣ್ಣುಗಳನ್ನು ಆರಿಸಿ ಹೂಳಿ. ಒಂದೇ ಒಂದು ಬೂಷ್ಟು ಹಿಡಿದ ಹಣ್ಣು ಲಕ್ಷಾಂತರ ಬೀಜಕಣಗಳನ್ನು ಗಾಳಿಗೆ ಬಿಡುತ್ತದೆ. ಕೊಯ್ಲಿನ ಮುನ್ನಾ ದಿನಗಳಲ್ಲಿ ನೀರನ್ನು ಧಾರಾಳವಾಗಿ ಹಾಯಿಸಬೇಡಿ. ಕಾರಣ ಮುಂದಿನ ಹಂತದಲ್ಲಿದೆ.

## ಹಂತ 2: ಯಾವ ದಿನ, ಯಾವ ಹೊತ್ತು

ನಮ್ಮಲ್ಲಿ ಬೆಳಕು ಹರಿಯುವ ಮೊದಲೇ ಆಳುಗಳನ್ನು ತೋಟಕ್ಕೆ ಇಳಿಸುವ ರೂಢಿ ಇದೆ. ತರಕಾರಿಗೆ ಅದು ಸರಿ, ನಿಂಬೆಗೆ ತಪ್ಪು.

ಇಬ್ಬನಿ ಕುಡಿದ ಅಥವಾ ಮಳೆಯಲ್ಲಿ ನೆನೆದ ಹಣ್ಣಿನ ಸಿಪ್ಪೆ ನೀರು ತುಂಬಿ ಬಿಗಿದುಕೊಂಡಿರುತ್ತದೆ. ಸಿಪ್ಪೆಯ ಎಣ್ಣೆಗ್ರಂಥಿಗಳು ಆಗ ತುಸು ಒತ್ತಿದರೂ ಒಡೆಯುತ್ತವೆ. ಹೊರಬಂದ ಎಣ್ಣೆ ಸುತ್ತಲಿನ ಜೀವಕೋಶಗಳನ್ನೇ ಸುಡುತ್ತದೆ. ಒಂದೆರಡು ದಿನಗಳಲ್ಲಿ ಅಲ್ಲಿ ಕಂದುಹಳದಿ ಮಚ್ಚೆ ಏಳುತ್ತದೆ. ಹತ್ತಿರದಿಂದ ನೋಡಿದರೆ ಗ್ರಂಥಿಗಳು ಉಬ್ಬಿಯೇ ಇದ್ದು ಅವುಗಳ ನಡುವಿನ ಸಿಪ್ಪೆ ಕುಸಿದಿರುತ್ತದೆ. ಇದನ್ನು ರೋಗವೆಂದು ತಿಳಿದು ಔಷಧಿ ಹೊಡೆದವರು ಬಹಳ ಮಂದಿ.

ಇಬ್ಬನಿ ಪೂರ್ತಿ ಆರಿದ ಮೇಲೆ, ಸಾಮಾನ್ಯವಾಗಿ ಒಂಬತ್ತು ಗಂಟೆಯ ನಂತರ ಕೀಳಲು ಶುರುಮಾಡಿ. ಜೋರು ಮಳೆ ಬಂದಿದ್ದರೆ ಎರಡು ಮೂರು ದಿನ ಕಾಯಿರಿ. ಅನುಮಾನವಿದ್ದರೆ ಒಂದು ಹಣ್ಣಿಗೆ ತೆಳು ಕಾಗದ ಸುತ್ತಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಕಾಗದದ ಮೇಲೆ ಸುಲಭವಾಗಿ ಎಣ್ಣೆಯ ಕಲೆ ಮೂಡಿದರೆ ಆ ದಿನ ಕೊಯ್ಲು ಬೇಡ.

ಕೂಡಿಡಲು ಕಡುಹಸಿರು ಕಳೆದು ತಿಳಿಹಸಿರಿಗೆ ತಿರುಗಿದ, ಮೈ ನುಣುಪಾಗಿ ಹೊಳೆಯುವ ನಿಂಬೆ ಬೇಕು. ಪೂರ್ತಿ ಹಳದಿಯಾದದ್ದನ್ನು ಅದೇ ವಾರ ಮಾರಿಬಿಡಿ. ಮೂಸಂಬಿ, ಕಿತ್ತಳೆಗಳನ್ನು ಬಣ್ಣ ನೋಡಿ ಕೀಳಬೇಡಿ. ಬೇರೆ ಬೇರೆ ಮರಗಳಿಂದ ಐದಾರು ಹಣ್ಣು ಕೊಯ್ದು ತಿಂದು ನೋಡಿ ನಿರ್ಧರಿಸಿ.

## ಹಂತ 3: ಕೀಳುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಹಣ್ಣು ಹಾಳಾಗುವುದು ಈ ಕೆಲವು ಗಂಟೆಗಳಲ್ಲಿ. ಹಾಳಾದದ್ದು ಮಾತ್ರ ಕಾಣುವುದಿಲ್ಲ.

ಹಸಿರು ಬೂಷ್ಟಿನ ಶಿಲೀಂಧ್ರಕ್ಕೆ ಗಾಯವಿಲ್ಲದ ಸಿಪ್ಪೆಯನ್ನು ಭೇದಿಸುವ ಶಕ್ತಿ ಇಲ್ಲ. ಅದಕ್ಕೆ ಬಾಗಿಲು ತೆರೆದುಕೊಡುವವರು ನಾವು. ಉಗುರಿನ ಗೀರು, ಮುಳ್ಳಿನ ಚುಚ್ಚು, ಬುಟ್ಟಿಯ ಕಡ್ಡಿ, ಪಕ್ಕದ ಹಣ್ಣಿನ ಉದ್ದ ತೊಟ್ಟು, ಕ್ರೇಟಿನ ತಳದ ಮರಳಿನ ಹರಳು, ಇಷ್ಟರಲ್ಲಿ ಯಾವುದಾದರೂ ಒಂದು ಸಾಕು. ಗಾಯದೊಳಗೆ ಬಿದ್ದ ಬೀಜಕಣ ಒಂದೆರಡು ದಿನದಲ್ಲಿ ಬೇರೂರಿ, ಆಮೇಲೆ ತೊಳೆದರೂ ಹೋಗದಷ್ಟು ಒಳಕ್ಕೆ ಇಳಿದಿರುತ್ತದೆ.

ಕ್ರಮ ಹೀಗಿರಲಿ. ಎಡಗೈಯಲ್ಲಿ ಹಣ್ಣನ್ನು ಹಿಡಿದು ಮೊದಲು ರೆಂಬೆಯಿಂದ ಸ್ವಲ್ಪ ಉದ್ದ ತೊಟ್ಟು ಬಿಟ್ಟು ಕತ್ತರಿಸಿ. ಹಣ್ಣನ್ನು ಹತ್ತಿರ ತಂದು ಎರಡನೆಯ ಬಾರಿ, ತೊಟ್ಟಿನ ನಕ್ಷತ್ರದಂಥ ಹಸಿರು ಬಿಲ್ಲೆ ಹಣ್ಣಿನಲ್ಲೇ ಉಳಿಯುವಂತೆ ಬುಡಕ್ಕೆ ಕತ್ತರಿಸಿ. ಒಂದೇ ಕತ್ತರಿಯಲ್ಲಿ ಮುಗಿಸಲು ಹೋದರೆ ಎರಡು ಹಣ್ಣಿಗೊಂದರಂತೆ ಕಡ್ಡಿ ಉಳಿಯುತ್ತದೆ ಅಥವಾ ಕತ್ತರಿಯ ತುದಿ ಸಿಪ್ಪೆಗೆ ತಾಗುತ್ತದೆ. ಬಿಲ್ಲೆ ಕಿತ್ತುಬಂದರೆ ತೊಟ್ಟಿನ ಕೊಳೆಗೆ ದಾರಿ. ಹಣ್ಣನ್ನು ತಿರುಚಿ ಎಳೆದರೆ ಬಿಲ್ಲೆಯ ಜೊತೆ ಸಿಪ್ಪೆಯ ಚೂರೂ ಬರುತ್ತದೆ. ಕಿತ್ತಳೆಯಲ್ಲಿ ಇದು ಇನ್ನೂ ಹೆಚ್ಚು, ಅದರ ಸಿಪ್ಪೆ ಮೊದಲೇ ಸಡಿಲ.

ದೋಟಿಯಿಂದ ಎಳೆದು ಉದುರಿಸಿದ ಹಣ್ಣು, ತಾನೇ ಉದುರಿದ ಹಣ್ಣು ಎರಡೂ ಕೂಡಿಡಲು ಬಾರವು. ನಿಂಬೆಯ ಮುಳ್ಳಿನ ನಡುವೆ ಕೈ ಹಾಕುವುದು ಎಷ್ಟು ಹಿಂಸೆ ಎಂದು ನನಗೂ ಗೊತ್ತು. ಆದ್ದರಿಂದ ಇಡೀ ತೋಟವನ್ನು ಕತ್ತರಿಯಲ್ಲೇ ಕೊಯ್ಯಿರಿ ಎಂದು ಹೇಳುವುದಿಲ್ಲ. ಕೈಗೆ ಎಟಕುವ ಕೆಳಗಿನ ಕೊಂಬೆಗಳ ಹಣ್ಣನ್ನು ಮೊದಲ ದಿನ ಕತ್ತರಿಯಿಂದ ಕೊಯ್ದು ಉಗ್ರಾಣಕ್ಕೆ ತೆಗೆದಿರಿಸಿ. ಮೇಲಿನದ್ದನ್ನು ಎಂದಿನಂತೆ ಉದುರಿಸಿ ಅಂದೇ ಮಾರುಕಟ್ಟೆಗೆ ಕಳಿಸಿ. ಎರಡನ್ನೂ ಒಂದೇ ರಾಶಿಗೆ ಸುರಿದಿರೋ, ಅಲ್ಲಿಗೆ ಈ ಲೇಖನ ಓದಿದ್ದು ವ್ಯರ್ಥ.

ಇನ್ನೊಂದು ಕಿವಿಮಾತು ಕೂಲಿಯದು. ಸಾವಿರ ಹಣ್ಣಿಗೆ ಇಷ್ಟು ಎಂಬ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಕೈ ಓಡುತ್ತದೆ, ಹಣ್ಣು ಗಾಯಗೊಳ್ಳುತ್ತದೆ. ಅದು ಆಳುಗಳ ತಪ್ಪಲ್ಲ. ಕೂಡಿಡುವ ಹಣ್ಣಿಗೆ ದಿನಗೂಲಿ ಕೊಡಿ, ಅವಸರ ಬೇಡವೆಂದು ನೀವೇ ಹೇಳಿ. ಕೆಲಸಕ್ಕೆ ಮುನ್ನ ಎಲ್ಲರ ಉಗುರು ಕತ್ತರಿಸಿರಲಿ, ಮೊದಲು ನಿಮ್ಮದು.

ಅರ್ಧ ಗಂಟೆಗೊಮ್ಮೆ ಯಾವುದಾದರೂ ಬುಟ್ಟಿಯಿಂದ ಇಪ್ಪತ್ತು ಹಣ್ಣು ತೆಗೆದು ಕೆನ್ನೆಗೆ ಸವರಿ ನೋಡಿ. ಕಡ್ಡಿ ಉಳಿದಿದ್ದರೆ ಚುಚ್ಚುತ್ತದೆ. ಹಾಸ್ಯವೆನಿಸಬಹುದು, ಆದರೆ ಅಂಗೈಗಿಂತ ಕೆನ್ನೆ ಸೂಕ್ಷ್ಮ.

## ಹಂತ 4: ನೆರಳು, ಆರಿಸುವಿಕೆ, ಒಂದು ರಾತ್ರಿಯ ವಿಶ್ರಾಂತಿ

ಬುಟ್ಟಿಯಿಂದ ಕ್ರೇಟಿಗೆ ಸುರಿಯಬೇಡಿ. ಬುಟ್ಟಿಯನ್ನು ಕ್ರೇಟಿನೊಳಗೆ ಇಳಿಸಿ ಬಾಗಿಸಿ, ಹಣ್ಣು ಉರುಳಿಕೊಂಡು ಕೂರಲಿ. ತುಂಬಿದ ಕ್ರೇಟು ಹತ್ತು ನಿಮಿಷವೂ ಬಿಸಿಲಿನಲ್ಲಿ ಇರಬಾರದು. ಗೋಣಿಚೀಲವನ್ನಂತೂ ಮರೆತುಬಿಡಿ. ಅದರ ಒರಟು ನೂಲು ಸಿಪ್ಪೆಯನ್ನು ತೀಡುತ್ತದೆ, ಒಂದರ ಮೇಲೊಂದು ಒಟ್ಟಿದರೆ ಕೆಳಗಿನ ಚೀಲ ಜಜ್ಜುತ್ತದೆ.

ಆರಿಸುವಾಗ ಹೊರಗೆ ಹೋಗಬೇಕಾದವು ಇವು: ಗಾಯವಾದದ್ದು, ಬಿಲ್ಲೆ ಇಲ್ಲದ್ದು, ಕಜ್ಜಿ ರೋಗದ ಕಲೆ ಇರುವುದು, ಹಣ್ಣು ಹೀರುವ ಪತಂಗ ಚುಚ್ಚಿದ ಸಣ್ಣ ರಂಧ್ರವಿರುವುದು, ತೀರಾ ಚಿಕ್ಕದು. ಪತಂಗದ ರಂಧ್ರ ಸೂಜಿಮೊನೆಯಷ್ಟೇ ಇರುತ್ತದೆ. ಸುತ್ತಲಿನ ಸಿಪ್ಪೆಯನ್ನು ಬೆರಳಿನಿಂದ ಮುಟ್ಟಿದರೆ ಮೆತ್ತಗಿರುತ್ತದೆ. ಚಿಕ್ಕ ಹಣ್ಣಿಗೆ ತೂಕದ ಲೆಕ್ಕದಲ್ಲಿ ಮೈ ಹೆಚ್ಚು, ಹಾಗಾಗಿ ಬೇಗ ಸುಕ್ಕುಗಟ್ಟುತ್ತದೆ.

ಆಯ್ದ ಹಣ್ಣನ್ನು ಗಾಳಿಯಾಡುವ ನೆರಳಿನಲ್ಲಿ ಒಂದು ರಾತ್ರಿ ಬಿಡಿ. ಸಿಪ್ಪೆ ತುಸು ನೀರು ಕಳೆದುಕೊಂಡು ಮೆತ್ತಗಾಗುತ್ತದೆ, ಎಣ್ಣೆಗ್ರಂಥಿಗಳು ಸುಲಭವಾಗಿ ಒಡೆಯುವುದಿಲ್ಲ. ಕಾಣದೆ ಉಳಿದಿದ್ದ ಕೆಲವು ಗಾಯಗಳೂ ಬೆಳಗಾಗುವಷ್ಟರಲ್ಲಿ ಕಂದಾಗಿ ಕಣ್ಣಿಗೆ ಬೀಳುತ್ತವೆ. ಎರಡನೆಯ ಸಲ ಆರಿಸಿ.

ಮುಂಚಿತವಾಗಿ ತಿಳಿಯುವ ಉಪಾಯ. ಈ ರಾಶಿಯಿಂದ ನೂರು ಹಣ್ಣನ್ನು ಎತ್ತಿ ಒದ್ದೆ ಬಟ್ಟೆಯ ತುಂಡಿನೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಸಡಿಲವಾಗಿ ಕಟ್ಟಿ ಮನೆಯ ಬೆಚ್ಚಗಿನ ಮೂಲೆಯಲ್ಲಿ ಇಡಿ. ಏಳನೆಯ ದಿನ ಬಿಚ್ಚಿ ಎಣಿಸಿ. ಎರಡು ಮೂರು ಕೊಳೆತಿದ್ದರೆ ನಿಮ್ಮ ಕೊಯ್ಲು ಚೆನ್ನಾಗಿದೆ. ಹದಿನೈದು ಕೊಳೆತಿದ್ದರೆ ಇಡೀ ಮಾಲನ್ನು ತಕ್ಷಣ ಮಾರಿ. ಶೀತಲಗೃಹ ಅದನ್ನು ಗುಣಪಡಿಸುವುದಿಲ್ಲ, ಕೊಳೆಯುವುದನ್ನು ಬಾಡಿಗೆ ಪಡೆದು ಮುಂದಕ್ಕೆ ಹಾಕುತ್ತದೆ ಅಷ್ಟೆ.

## ಹಂತ 5: ತೊಳೆಯಬೇಕೇ?

ಮಣ್ಣು ಹತ್ತಿಲ್ಲದಿದ್ದರೆ ಬೇಡ. ಹಣ್ಣಿನ ಮೈಮೇಲಿನ ಸಹಜ ಮೇಣದ ಪದರ ತಿಕ್ಕಿ ತೊಳೆದರೆ ಸವೆಯುತ್ತದೆ, ಬಾಡುವುದು ಬೇಗವಾಗುತ್ತದೆ. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ.

ತೊಳೆಯಲೇಬೇಕಾದರೆ ಎರಡು ತೊಟ್ಟಿ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಬ್ಲೀಚ್ ನೀರು: ಶೇ 4ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಲೀಟರಿಗೆ 5 ಮಿಲಿಲೀಟರ್ ಬೆರೆಸಿದರೆ ಕ್ಲೋರಿನ್ 200 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 200 ಭಾಗ) ಆಗುತ್ತದೆ. ಇದು ಹಣ್ಣಿನ ಗಾಯಕ್ಕೆ ಮದ್ದಲ್ಲ. ಒಂದು ಹಣ್ಣಿನ ಬೀಜಕಣ ನೀರಿನ ಮೂಲಕ ನೂರು ಹಣ್ಣಿಗೆ ಹರಡದಂತೆ ನೀರನ್ನು ಶುದ್ಧವಾಗಿಡುತ್ತದೆ. ಬರೀ ನೀರಿನಲ್ಲಿ ಇಡೀ ದಿನ ತೊಳೆಯುವುದಕ್ಕಿಂತ ತೊಳೆಯದೆ ಇರುವುದೇ ಮೇಲು. ನೀರು ಕದಡಿದ ಕೂಡಲೇ ಬದಲಿಸಿ. ಕೊಳೆ ಸೇರಿದ ನೀರಿನಲ್ಲಿ ಕ್ಲೋರಿನ್ ಕೆಲಸ ಮಾಡದು.

ಎರಡನೆಯ ತೊಟ್ಟಿಗೆ ಅಡುಗೆ ಸೋಡಾ, ಲೀಟರಿಗೆ 30 ಗ್ರಾಂ, ಉಗುರುಬೆಚ್ಚಗಿನ ನೀರಿನಲ್ಲಿ. ಎರಡು ನಿಮಿಷ ಅದ್ದಿ ತೆಗೆದು, ಸಾದಾ ಶುದ್ಧ ನೀರಿನಲ್ಲಿ ಒಮ್ಮೆ ಜಾಲಿಸಿ. ಆಗಷ್ಟೇ ಸೇರಿದ ಹಸಿರು ಬೂಷ್ಟನ್ನು ಸೋಡಾ ತಡೆಯುತ್ತದೆ. ಆದ್ದರಿಂದ ಕಿತ್ತ 24 ಗಂಟೆಯೊಳಗೆ ಅದ್ದಿದರೆ ಮಾತ್ರ ಫಲ. ಮುಂದೆ ಆಗುವ ಗಾಯಗಳಿಗೆ ಅದರ ಕಾವಲು ಇರುವುದಿಲ್ಲ. ತೊಟ್ಟಿನ ಕೊಳೆಗೂ ಅದು ತಾಗುವುದಿಲ್ಲ. ಬ್ಲೀಚನ್ನೂ ಸೋಡಾವನ್ನೂ ಒಂದೇ ತೊಟ್ಟಿಗೆ ಸುರಿಯಬೇಡಿ, ನೀರು ಕ್ಷಾರವಾಗಿ ಕ್ಲೋರಿನ್ ಮಂಕಾಗುತ್ತದೆ. ನಂತರ ಹಣ್ಣು ನೆರಳಿನಲ್ಲಿ ಫ್ಯಾನಿನ ಗಾಳಿಗೆ ಪೂರ್ತಿ ಆರಬೇಕು, ತೊಟ್ಟಿನ ಸುತ್ತಲಿನ ತಗ್ಗಿನಲ್ಲೂ ಹನಿ ಇರಬಾರದು.

ಗಿಡಕ್ಕೆ ಹೊಡೆಯುವ ಶಿಲೀಂಧ್ರನಾಶಕದಲ್ಲಿ ಹಣ್ಣು ಅದ್ದುವ ಸಲಹೆ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಕೊಯ್ಲಿನ ನಂತರ ಬಳಸಬಹುದೆಂದು ಲೇಬಲ್ ಮೇಲೆ ಬರೆದಿಲ್ಲದ ಔಷಧಿಯನ್ನು ಮುಟ್ಟಬೇಡಿ. ನಿಂಬೆಯನ್ನು ಜನ ಸಿಪ್ಪೆ ಸಮೇತ ಉಪ್ಪಿನಕಾಯಿ ಹಾಕುತ್ತಾರೆ. ಬಣ್ಣ ಬರಿಸಲು ಕಾರ್ಬೈಡ್ ಇಡುವುದಂತೂ ಕಾನೂನಿನ ಪ್ರಕಾರವೇ ನಿಷಿದ್ಧ.

ಮೇಣ ಲೇಪಿಸುವ ಯಂತ್ರ ಇರುವ ಪ್ಯಾಕ್‌ಹೌಸ್ (ಹಣ್ಣು ವಿಂಗಡಿಸಿ ಕಟ್ಟುವ ಘಟಕ) ಹತ್ತಿರವಿದ್ದರೆ ಮೂಸಂಬಿಗೆ ಲಾಭವಿದೆ. ಜೇನುಮೇಣ, ಕಾರ್ನೌಬಾ (ಒಂದು ಜಾತಿಯ ತಾಳೆ ಎಲೆಯ ಮೇಣ), ಅರಗು ಇವುಗಳಿಗೆ ಅನುಮತಿ ಇದೆ, ಲೇಪಿಸಿದ್ದನ್ನು ಲೇಬಲ್‌ನಲ್ಲಿ ಹೇಳಬೇಕು. ಕಿತ್ತಳೆಗೆ ದಪ್ಪ ಮೇಣ ಬಳಿದರೆ ಒಳಗೆ ಉಸಿರು ಕಟ್ಟಿ ಹುದುಗಿದ ವಾಸನೆ ಬರುತ್ತದೆ.

## ಹಂತ 6: ಕ್ರೇಟು ತುಂಬುವುದು

ಕಳೆದ ವರ್ಷದ ಕ್ರೇಟುಗಳನ್ನು ಸೋಪಿನಿಂದ ತಿಕ್ಕಿ, ಅದೇ ಬ್ಲೀಚ್ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ. ಒಳಗೆ ಗಾಳಿಕಿಂಡಿ ತೂತು ಮಾಡಿದ ತೆಳು ಪಾಲಿಥೀನ್ ಹಾಳೆ ಹಾಸಿದರೆ ಬಾಡುವುದು ಗಣನೀಯವಾಗಿ ತಗ್ಗುತ್ತದೆ. ತೂತಿಲ್ಲದ ಹಾಳೆ ಹಾಸಿದರೆ ನೀರು ಹನಿದು ಕೊಳೆ ಹೆಚ್ಚುತ್ತದೆ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ತೂತು ಸಾಲದು ಎಂದರ್ಥ. ಅಂಚಿಗಿಂತ ಎರಡು ಬೆರಳು ಕೆಳಗೇ ತುಂಬುವುದನ್ನು ನಿಲ್ಲಿಸಿ, ಮೇಲಿನ ಕ್ರೇಟಿನ ಭಾರ ಹಣ್ಣಿನ ಮೇಲಲ್ಲ, ಕೆಳಗಿನ ಕ್ರೇಟಿನ ಅಂಚಿನ ಮೇಲೆ ಬೀಳಬೇಕು. ಕೊಯ್ದ ದಿನಾಂಕ ಬರೆದ ಚೀಟಿ ಪ್ರತಿ ಕ್ರೇಟಿಗೂ ಇರಲಿ.

## ಹಂತ 7: ಶೀತಲಗೃಹ

ವಿಜಯಪುರದ ಕಡೆ ಶೀತಲಗೃಹಗಳಿಗೆ ಕೊರತೆ ಇಲ್ಲ, ಆದರೆ ಅವುಗಳಲ್ಲಿ ಬಹುಪಾಲು ಒಣದ್ರಾಕ್ಷಿಗಾಗಿ ಕಟ್ಟಿದವು. ಒಣದ್ರಾಕ್ಷಿಗೆ ಎಷ್ಟು ತಂಪಾದರೂ ಒಳ್ಳೆಯದೇ. ನಿಂಬೆಗೆ ಹಾಗಲ್ಲ.

ಈ ಪಾಠಕ್ಕೆ ನಾನೇ ಬೆಲೆ ತೆತ್ತಿದ್ದೇನೆ. ಒಂದು ವರ್ಷ ಚೆನ್ನಾಗಿ ಆಯ್ದ ಹನ್ನೆರಡು ಕ್ರೇಟು ನಿಂಬೆಯನ್ನು ಪರಿಚಯದವರ ಶೀತಲಗೃಹದಲ್ಲಿ, ಒಣದ್ರಾಕ್ಷಿಯ ಕೋಣೆಯ ಮೂಲೆಯಲ್ಲಿ ಇಟ್ಟೆ. ಉಷ್ಣಾಂಶ ನಾಲ್ಕು ಡಿಗ್ರಿ. ಐದನೇ ವಾರ ನೋಡಿದಾಗ ಹಣ್ಣು ಹೊಸದರಂತೆ ಹಸಿರಾಗಿತ್ತು, ಖುಷಿಯಿಂದ ಹೊರಗೆ ತಂದೆ. ಮೂರನೆಯ ದಿನಕ್ಕೆ ಮೈತುಂಬ ಕಂದು ಗುಳಿಗಳು, ವಾರ ಮುಗಿಯುವಷ್ಟರಲ್ಲಿ ಆ ಗುಳಿಗಳಲ್ಲೇ ಕೊಳೆ. ಚಳಿಯ ಗಾಯ ಹೀಗೆಯೇ ಮೋಸ ಮಾಡುತ್ತದೆ: ತಂಪಿನಲ್ಲಿ ಇರುವವರೆಗೆ ಅಡಗಿದ್ದು, ಹೊರಗೆ ಬಂದ ಮೇಲೆ ಹೊರಬೀಳುತ್ತದೆ.

ಇಡಬೇಕಾದ ಉಷ್ಣಾಂಶ:

- ನಿಂಬೆ: 9ರಿಂದ 10 ಡಿಗ್ರಿ ಸೆಲ್ಸಿಯಸ್, 8ಕ್ಕಿಂತ ಕೆಳಗೆ ಎಂದೂ ಬೇಡ, 6ರಿಂದ 8 ವಾರ
- ಕಿತ್ತಳೆ: 6ರಿಂದ 7 ಡಿಗ್ರಿ, 4ರಿಂದ 6 ವಾರ
- ಮೂಸಂಬಿ: 5ರಿಂದ 7 ಡಿಗ್ರಿ, ಎರಡು ತಿಂಗಳು ಧೈರ್ಯವಾಗಿ ಇಡಬಹುದು
- ಚಕ್ಕೋತ: 8ರಿಂದ 9 ಡಿಗ್ರಿ, ದಪ್ಪ ಸಿಪ್ಪೆಯ ಪುಣ್ಯದಿಂದ ಎರಡು ಮೂರು ತಿಂಗಳು

ತೇವಾಂಶ ಎಲ್ಲಕ್ಕೂ ಶೇ 85ರಿಂದ 95ರ ನಡುವೆ ಇರಬೇಕು. ಅದು ಶೇ 70ಕ್ಕೆ ಇಳಿದರೆ ಉಷ್ಣಾಂಶ ಸರಿಯಿದ್ದರೂ ಹಣ್ಣು ಸುಕ್ಕಾಗುತ್ತದೆ. ನೆಲಕ್ಕೆ ನೀರು ಚಿಮುಕಿಸಿ, ಹಣ್ಣಿಗಲ್ಲ.

ಬಿಸಿ ಹಣ್ಣನ್ನು ಒಮ್ಮೆಲೇ ಕೋಣೆ ತುಂಬ ಒಟ್ಟಬೇಡಿ. ಯಂತ್ರಕ್ಕೆ ಅಷ್ಟು ಶಾಖ ಹೀರಲು ದಿನಗಟ್ಟಲೆ ಬೇಕಾಗುತ್ತದೆ, ನಡುವಿನ ಕ್ರೇಟುಗಳು ಅಷ್ಟೂ ದಿನ ಬೆಚ್ಚಗೆ ಇದ್ದು ಬೂಷ್ಟಿಗೆ ತೊಟ್ಟಿಲಾಗುತ್ತವೆ. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ತುಂಬಿ. ಕ್ರೇಟುಗಳು ನೆಲದಿಂದ ಒಂದು ಗೇಣು ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಸಾಲುಗಳ ನಡುವೆ ಗಾಳಿಗೆ ದಾರಿ ಬಿಡಿ. ಒಂದು ಥರ್ಮಾಮೀಟರನ್ನು ನಡುವಿನ ಸಾಲಿನ ಕ್ರೇಟಿನಲ್ಲಿ, ಹಣ್ಣುಗಳ ಮಧ್ಯೆ ಹುದುಗಿಸಿ. ಇನ್ನೊಂದನ್ನು ತಂಪು ಗಾಳಿ ನೇರವಾಗಿ ಬೀಳುವ ಜಾಗದಲ್ಲಿ ಇಡಿ, ಚಳಿಯ ಗಾಯ ಮೊದಲು ಆಗುವುದು ಅಲ್ಲಿಯೇ.

ಬಾಳೆ, ಮಾವು, ಸೇಬು ಇರುವ ಕೋಣೆಯನ್ನು ಒಪ್ಪಿಕೊಳ್ಳಬೇಡಿ. ಅವು ಬಿಡುವ ಎಥಿಲೀನ್ ಅನಿಲ ಹಸಿರು ನಿಂಬೆಯನ್ನು ಹಳದಿ ಮಾಡಿ, ತೊಟ್ಟಿನ ಬಿಲ್ಲೆಯನ್ನು ಸಡಿಲಿಸಿ, ತೊಟ್ಟಿನ ಕೊಳೆಯನ್ನು ಎಬ್ಬಿಸುತ್ತದೆ. ಹಸಿರು ಬೂಷ್ಟು ಹಿಡಿದ ನಿಂಬೆಯೂ ಎಥಿಲೀನ್ ಬಿಡುತ್ತದೆ. ಕ್ರೇಟಿನಲ್ಲಿ ಒಂದು ಭಾಗ ಮಾತ್ರ ಬೇಗ ಹಳದಿಯಾಗುತ್ತಿದ್ದರೆ ಅದರ ನಡುವೆ ಕೊಳೆತ ಹಣ್ಣೊಂದು ಕುಳಿತಿದೆಯೇ ಎಂದು ಹುಡುಕಿ.

## ಹಂತ 8: ಶೀತಲಗೃಹ ಇಲ್ಲದವರಿಗೆ

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ, ವಿದ್ಯುತ್ ಬೇಡದ ಇಟ್ಟಿಗೆಯ ತಂಪುಪೆಟ್ಟಿಗೆ ಬಯಲುಸೀಮೆಗೆ ಹೇಳಿ ಮಾಡಿಸಿದಂತಿದೆ. ಒಣಗಾಳಿಯಲ್ಲಿ ನೀರು ಆವಿಯಾಗುವಾಗ ಶಾಖ ಹೀರುತ್ತದೆ, ಮಣ್ಣಿನ ಹೂಜಿಯ ತತ್ವವೇ. ಒಂದು ಪೆಟ್ಟಿಗೆಯಲ್ಲಿ ಸುಮಾರು ಒಂದು ಕ್ವಿಂಟಲ್ ಹಣ್ಣು ಹಿಡಿಯುತ್ತದೆ.

1. ಗಾಳಿ ಬೀಸುವ, ದಿನವಿಡೀ ನೆರಳಿರುವ, ನೀರು ನಿಲ್ಲದ ಜಾಗ ಆರಿಸಿ. ಮೇಲೆ ಚಪ್ಪರ ಹಾಕಿ.
2. 165 ಸೆಂ.ಮೀ. ಉದ್ದ, 115 ಸೆಂ.ಮೀ. ಅಗಲಕ್ಕೆ ಒಂದು ಸಾಲು ಇಟ್ಟಿಗೆ ಹಾಸಿ.
3. ಅದರ ಮೇಲೆ 67.5 ಸೆಂ.ಮೀ. ಎತ್ತರದ ಜೋಡಿ ಗೋಡೆ ಕಟ್ಟಿ, ಎರಡರ ನಡುವೆ 7.5 ಸೆಂ.ಮೀ. ಸಂದು ಬಿಡಿ. ಸಿಮೆಂಟ್ ಬಳಿಯಬೇಡಿ, ಇಟ್ಟಿಗೆ ಉಸಿರಾಡಬೇಕು.
4. ಸಂದಿಗೆ ಹೊಳೆಯ ಮರಳು ತುಂಬಿ, ಗೋಡೆ ಮತ್ತು ಮರಳು ಪೂರ್ತಿ ನೆನೆಯುವಷ್ಟು ನೀರು ಹಾಕಿ.
5. ಬಿದಿರು ಮತ್ತು ಹುಲ್ಲಿನ ಮುಚ್ಚಳ ಮಾಡಿ, ಅದನ್ನೂ ಒದ್ದೆಯಾಗಿಡಿ.
6. ಕ್ರೇಟು ಒಳಗಿಟ್ಟು, ದಿನಕ್ಕೆ ಎರಡು ಸಲ ಗೋಡೆಗೆ ನೀರುಣಿಸಿ. ಸಂದಿಯ ಮೇಲೆ ಡ್ರಿಪ್ ಪೈಪು ಎಳೆದರೆ ಮರೆವಿನ ಭಯವಿಲ್ಲ.

ಬೇಸಿಗೆಯಲ್ಲಿ ಒಳಗಿನ ಉಷ್ಣಾಂಶ ಹೊರಗಿಗಿಂತ ಹತ್ತರಿಂದ ಹದಿನೈದು ಡಿಗ್ರಿ ಕಡಿಮೆ ಇರುತ್ತದೆ, ತೇವಾಂಶ ಶೇ 90ರ ಆಸುಪಾಸು. ಹೊರಗೆ ಹತ್ತು ದಿನಕ್ಕೆ ಬಾಡುವ ನಿಂಬೆ ಇಲ್ಲಿ ಮೂರು ವಾರ ತಡೆಯುತ್ತದೆ. ಮಡಿಕೇರಿಯ ಜೂನ್ ತಿಂಗಳಲ್ಲಿ ಇದನ್ನು ಕಟ್ಟಿ ‘ತಂಪಾಗಲಿಲ್ಲ’ ಎಂದರೆ ಪೆಟ್ಟಿಗೆಯ ತಪ್ಪಲ್ಲ. ಗಾಳಿಯೇ ಒದ್ದೆಯಾಗಿದ್ದಾಗ ನೀರು ಆವಿಯಾಗುವುದು ಹೇಗೆ? ಪೆಟ್ಟಿಗೆಯೊಳಗೆ ಬೂಷ್ಟಿಗೆ ಬೇಕಾದ ತೇವವೂ ಇರುವುದರಿಂದ ಮೂರು ದಿನಕ್ಕೊಮ್ಮೆ ತೆರೆದು ನೋಡಲೇಬೇಕು.

## ಹಂತ 9: ವಾರದ ತಪಾಸಣೆ, ಹಣ್ಣು ಹೇಳುವ ಸುಳಿವು

ಮೂರು ಕ್ರೇಟಿಗೆ ಬಣ್ಣದ ದಾರ ಕಟ್ಟಿ, ವಾರಕ್ಕೊಮ್ಮೆ ಅವನ್ನೇ ತೂಗಿ ಬರೆದಿಡಿ. ಮೊದಲ ತೂಕದಲ್ಲಿ ಶೇ 5ರಷ್ಟು ಕಳೆದರೆ ಹೊಳಪು ಹೋಗಿ ಸುಕ್ಕು ಕಾಣತೊಡಗುತ್ತದೆ. ಆ ಮಿತಿಗೆ ಹತ್ತಿರವಾಗುತ್ತಿದ್ದಂತೆ ಮಾರಲು ಹೊರಡಿ.

ಕೊಳೆ ಕಂಡಾಗ ಅದು ಹಣ್ಣಿನ ಯಾವ ಭಾಗದಿಂದ ಶುರುವಾಗಿದೆ ಎಂದು ನೋಡಿ. ತಪ್ಪು ಎಲ್ಲಿ ನಡೆಯಿತೆಂದು ಅದೇ ಹೇಳುತ್ತದೆ.

ಮಗ್ಗುಲಲ್ಲಿ ನೀರೂರಿದ ಮೆತ್ತನೆಯ ಮಚ್ಚೆ, ಬಿಳಿ ಅಂಚು, ನಡುವೆ ಹಸಿರು ಅಥವಾ ನೀಲಿ ಪುಡಿ. ಗಾಯದ ಬೂಷ್ಟು. ತಪ್ಪು ಕೊಯ್ಲಿನಲ್ಲಿ ಅಥವಾ ಕ್ರೇಟಿನಲ್ಲಿ.

ತೊಟ್ಟಿನಿಂದ ಕೆಳಗಿಳಿಯುವ ಕಂದು ಬಣ್ಣ, ಮೇಲೆ ಪುಡಿ ಇಲ್ಲ. ತೊಟ್ಟಿನ ಕೊಳೆ. ತೋಟದ ಒಣ ರೆಂಬೆ, ಕಳಚಿದ ಬಿಲ್ಲೆ ಅಥವಾ ಎಥಿಲೀನ್.

ಚದುರಿದ ಕಂದು ಗುಳಿಗಳು, ಮುಟ್ಟಿದರೆ ಗಟ್ಟಿ. ಚಳಿಯ ಗಾಯ. ಉಷ್ಣಾಂಶ ಏರಿಸಿದರೂ ಇದು ಹಿಂದಕ್ಕೆ ಹೋಗದು, ಬೇಗ ಮಾರಿ.

ನೀರುನೀರಾದ ಕೊಳೆ, ಹುಳಿ ನಾತ, ಸಣ್ಣ ನೊಣಗಳು. ಮಣ್ಣು ತಾಗಿದ ಹಣ್ಣು ಒಳಗೆ ಸೇರಿದೆ. ಇದು ಸೋರಿ ಕೆಳಗಿನ ಕ್ರೇಟುಗಳಿಗೂ ಇಳಿಯುತ್ತದೆ. ಇಡೀ ಸಾಲನ್ನು ಹೊರಗೆ ತೆಗೆದು ಆರಿಸಬೇಕು.

ಬಿಲ್ಲೆಯ ಸುತ್ತ ಸಿಪ್ಪೆ ಕುಸಿದು ಕಂದಾಗಿದೆ, ಬಿಲ್ಲೆಗೆ ತಾಗಿದ ಸಣ್ಣ ಉಂಗುರ ಮಾತ್ರ ಚೆನ್ನಾಗಿದೆ. ಇದು ರೋಗವಲ್ಲ, ನೀರಿನ ನಷ್ಟ. ಕಿತ್ತ ಮೇಲೆ ತಂಪಿಗೆ ಸೇರಿಸಲು ತಡಮಾಡಿದ್ದೀರಿ.

ಬೂಷ್ಟು ಹಿಡಿದ ಹಣ್ಣನ್ನು ಬರಿಗೈಯಲ್ಲಿ ಎತ್ತಿ ಬುಟ್ಟಿಗೆ ಎಸೆಯುವುದೇ ದೊಡ್ಡ ತಪ್ಪು. ಪುಡಿ ಹೊಗೆಯಂತೆ ಎದ್ದು ಕೋಣೆಯಿಡೀ ಹರಡುತ್ತದೆ. ಪ್ಲಾಸ್ಟಿಕ್ ಚೀಲವನ್ನು ಕೈಗೆ ಕವಚದಂತೆ ತೊಟ್ಟು, ಹಣ್ಣನ್ನು ಅಲ್ಲಿಯೇ ಹಿಡಿದು, ಚೀಲವನ್ನು ಒಳಹೊರಗು ಮಾಡಿ ಗಂಟು ಹಾಕಿ. ಆಮೇಲೆ ಎತ್ತಿ. ಹಣ್ಣು ಆರಿಸುವ ಕೆಲಸವನ್ನು ಶೀತಲಗೃಹದೊಳಗೆ ಮಾಡಲೇಬೇಡಿ.

## ಹಂತ 10: ಹೊರಗೆ ತೆಗೆಯುವುದು

ಹತ್ತು ಡಿಗ್ರಿಯ ಹಣ್ಣನ್ನು ಮೂವತ್ತು ಡಿಗ್ರಿಯ ಅಂಗಳಕ್ಕೆ ತಂದರೆ ಮೈತುಂಬ ಬೆವರುತ್ತದೆ. ಒದ್ದೆ ಹಣ್ಣನ್ನು ಆಗಲೇ ಚೀಲಕ್ಕೆ ತುಂಬಿ ಲಾರಿ ಹತ್ತಿಸಿದರೆ ಎರಡು ತಿಂಗಳ ಜತನ ಎರಡು ದಿನದಲ್ಲಿ ಹೋಗುತ್ತದೆ. ಮೊದಲು ಕ್ರೇಟುಗಳನ್ನು ಶೀತಲಗೃಹದ ಹೊರಕೋಣೆಯಲ್ಲಿ, ಹಾಳೆ ಮುಚ್ಚಿದಂತೆಯೇ ಅರ್ಧ ದಿನ ಇಡಿ. ನಂತರ ಹಾಳೆ ಸರಿಸಿ ಫ್ಯಾನ್ ಹಾಕಿ. ಒಣಗಿದ ಮೇಲೆ ಆರಿಸಿ, ಅಂದು ಸಂಜೆಯೇ ಸಾಗಿಸಿ. ಮಾರುವ ದಿನಕ್ಕೆ ನಾಲ್ಕು ದಿನ ಮೊದಲು ಒಂದೇ ಕ್ರೇಟನ್ನು ಹೊರಗೆ ತಂದಿಟ್ಟು ನೋಡುವುದು ನನ್ನ ರೂಢಿ. ಅಡಗಿರುವ ಚಳಿಯ ಗಾಯ ಇದ್ದರೆ ವ್ಯಾಪಾರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ.

## ಮನೆಯಲ್ಲಿ ಒಂದು ಡಜನ್ ನಿಂಬೆ ಇರುವವರಿಗೆ

ಮೇಜಿನ ಮೇಲೆ ಬಿಟ್ಟರೆ ವಾರದಲ್ಲಿ ತೊಗಲಿನಂತಾಗುತ್ತದೆ. ತೊಳೆಯದೆ, ಒರೆಸಿ, ಜಿಪ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಅರೆಯಲ್ಲಿ ಇಡಿ, ಮೂರು ನಾಲ್ಕು ವಾರ ಬರುತ್ತದೆ. ಫ್ರಿಜ್ಜಿನ ಚಳಿ ನಿಂಬೆಗೆ ಹೆಚ್ಚೇ, ಆದರೆ ಅದರ ಗಾಯ ಮೂಡುವಷ್ಟರಲ್ಲಿ ಪಾನಕವಾಗಿ ಮುಗಿದಿರುತ್ತದೆ. ಫ್ರೀಜರ್ ಪಕ್ಕಕ್ಕೆ ಮಾತ್ರ ತಳ್ಳಬೇಡಿ.

ಕೊನೆಗೆ ಉಳಿದ ಹಣ್ಣಿನ ಮಾತು. ಸುಕ್ಕಾದ, ಕಂದು ಗುಳಿ ಬಿದ್ದ ಆದರೆ ಗಟ್ಟಿಯಾಗಿರುವ ನಿಂಬೆಯ ರಸಕ್ಕೆ ದೋಷವಿಲ್ಲ, ಹಿಂಡಿ ಬಳಸಿ. ಬೂಷ್ಟು ಹಿಡಿದದ್ದನ್ನು ಆ ಭಾಗ ಕತ್ತರಿಸಿ ತೆಗೆದು ಉಪ್ಪಿನಕಾಯಿಗೆ ಹಾಕುವವರಿದ್ದಾರೆ. ಶಿಲೀಂಧ್ರದ ಎಳೆಗಳು ಕಣ್ಣಿಗೆ ಕಾಣುವ ಮಚ್ಚೆಗಿಂತ ಆಳಕ್ಕೆ ಹೋಗಿರುತ್ತವೆ, ಇಡೀ ಭರಣಿ ಕೆಡುತ್ತದೆ. ಅದನ್ನು ತೋಟದಿಂದ ದೂರ ಗುಂಡಿ ತೋಡಿ ಹೂಳಿ, ಮರದ ಬುಡಕ್ಕೆ ಗೊಬ್ಬರವೆಂದು ಎಸೆಯಬೇಡಿ.